ಟಿನ್‌ಕೆಟಲ್‌ನ ನಮ್ಮ ನೆಂಟರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ. ಕೆನಡಾ ದೇಶದ ಒಂದು ಪುಟ್ಟ ಹಳ್ಳಿಯ ಚರಿತ್ರೆಯೊಳಗೆ, ಕತಾರಿನ ಒಂದು ಬ್ಯಾಚುಲರ್ ರೂಮಿನ ಬಚ್ಚಲಿನಲ್ಲಿ ನಿಂತುಕೊಂಡು, ಫೋನಿನ ಮೂಲಕ ಒಂದು ಸುಳ್ಳು ಮದುವೆಯನ್ನು ತೂರಿಸಲು ಹೋಗಿ ಸಿಕ್ಕಿಬಿದ್ದ ಮೂರ್ಖ ನಾನೇ. ಬಚ್ಚಲೇ ಯಾಕೆ ಎಂದರೆ ಅಲ್ಲಿ ದನಿ ಗುಂಯ್ ಎನ್ನುತ್ತದೆ. ಅರವತ್ತು ದಾಟಿದ ಬಿಳಿ ಮುದುಕನೊಬ್ಬನ ಎದೆಯಿಂದ ಬಂದ ಹಾಗೆ ಕೇಳುತ್ತದೆ. ಮಿಮಿಕ್ರಿ ಮಾಡುವವರಿಗೆ ಇಂಥ ಗುಟ್ಟುಗಳೆಲ್ಲ ಗೊತ್ತಿರುತ್ತವೆ. ಗೊತ್ತಿಲ್ಲದ್ದು ಬೇರೆ ಎಷ್ಟೋ ಇರುತ್ತದೆ.

ಫೋನಿನ ಆ ತುದಿಯಲ್ಲಿದ್ದವರು ನನ್ನ ಬಾಪ್ಪು. ಬಾಪ್ಪು ಎಂದರೆ ಅಪ್ಪನ ತಮ್ಮ; ಉಡುಪಿ ಕಡೆಯ ನಮ್ಮ ಕೊಂಕಣಿ ಕ್ರಿಶ್ಚಿಯನ್ನರ ಮನೆಗಳಲ್ಲಿ ಹಾಗೆ ಕರೆಯುತ್ತೇವೆ. ಅವರ ಹೆಂಡತಿ ಮಾವ್ಶಿ. ಮನೆಯಲ್ಲಿ ನಮ್ಮದು ಕೊಂಕಣಿ, ಇಲ್ಲಿ ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಬಾಪ್ಪು ಕೆನಡಾವನ್ನು ನೋಡಿದವರಲ್ಲ. ಹಿಮವನ್ನು ನೋಡಿದ್ದು ಫ್ರೀಜರಿನಲ್ಲಿ ಮಾತ್ರ, ಅದೂ ಬಂಗುಡೆಯ ಮೈಮೇಲೆ. ಆದರೆ ಟಿನ್‌ಕೆಟಲ್ ಎಂಬ ಹೆಸರಿನ, ಭೂಪಟದಲ್ಲಿ ಚುಕ್ಕೆಯೂ ಸಿಗದ ಆ ಊರಿನಲ್ಲಿ ಯಾರ ಮನೆಯ ಹಸು ಯಾರ ಗೋಧಿ ತಿಂದಿತು, ಯಾರ ಮಗಳು ಯಾರ ಜೊತೆ ಓಡಿಹೋದಳು, ಯಾರ ಮದುವೆಯ ದಿನ ಪಾದ್ರಿಗಳ ಗಾಡಿ ಕೆಸರಿನಲ್ಲಿ ಹೂತುಹೋಗಿ ವರನೇ ಹೋಗಿ ಎಳೆದು ತಂದ, ಇದೆಲ್ಲ ಅವರಿಗೆ ಬಾಯಿಪಾಠ. ಸ್ವಂತ ಮೊಬೈಲ್ ನಂಬರ್ ಕೇಳಿ ನೋಡಿ, ಮಾವ್ಶಿಯ ಮುಖ ನೋಡುತ್ತಾರೆ.

ಇದು ಹೇಗೆ ಶುರುವಾಯಿತು? ಒಂದು ರೋಗದಿಂದ. ನಮ್ಮ ಕರಾವಳಿಯವರಿಗೆಲ್ಲ ಸ್ವಲ್ಪ ಸ್ವಲ್ಪ ಇರುವ ರೋಗ, ಬಾಪ್ಪುವಿಗೆ ವಿಪರೀತ. ಹೊಸಬರೊಬ್ಬರು ಸಿಕ್ಕಿದರೆ ನಾವು ಕೇಳುತ್ತೇವಲ್ಲ, ಯಾವ ಊರು, ಯಾವ ಇಗರ್ಜಿ, ಯಾವ ಮನೆ, ಯಾರ ಮಗ? ಉಳಿದವರು ಇದನ್ನು ಮರ್ಯಾದೆಗೆ ಕೇಳುತ್ತಾರೆ. ಬಾಪ್ಪು ಕೇಳುವುದು ಸಂಬಂಧ ಸಿಗುವವರೆಗೆ. ಒಮ್ಮೆ ಕತಾರಿನ ದೋಹಾದಲ್ಲೇ, ಅಲ್ ಮನ್ಸೂರಾದ ಸಿಗ್ನಲ್ಲಿನಲ್ಲಿ ಒಬ್ಬ ಬಂದು ಅವರ ಕಾರಿನ ಹಿಂಭಾಗಕ್ಕೆ ಗುದ್ದಿದ. ಗುದ್ದಿದ್ದಲ್ಲದೆ ಇಳಿದು ಅವನೇ ಕೂಗಾಡಿದ. ಬಾಪ್ಪು ಬಾಗಿಲು ತೆಗೆದು ಇಳಿದರು, ಅವನ ಮುಖವನ್ನೇ ನೋಡಿದರು, "ನೀವು ಕಾರ್ಕಳ ಕಡೆಯವರಲ್ವಾ?" ಎಂದರು. ಪೊಲೀಸ್ ಬರುವ ಹೊತ್ತಿಗೆ ಆ ಮನುಷ್ಯ ಮಾವ್ಶಿಯ ಚಿಕ್ಕಮ್ಮನ ಮೈದುನನ ಅಳಿಯ ಆಗಿಬಿಟ್ಟಿದ್ದ. ನಜ್ಜುಗುಜ್ಜಾದ ಡಿಕ್ಕಿಯ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಇಬ್ಬರೂ ಚಹಾ ಕುಡಿಯುತ್ತಿದ್ದರು. ಪೊಲೀಸಿನವನು ಕಾರು ನೋಡಿದ, ಚಹಾ ನೋಡಿದ.

"ಖಲಾಸ್?" ಎಂದ.

"ಖಲಾಸ್," ಎಂದರು ಇಬ್ಬರೂ.

ಇಂಥ ಬಾಪ್ಪುವಿನ ಪಕ್ಕದಲ್ಲಿ ದೇವರು ಗೋರ್ಡನ್ ಎಂಬ ಕೆನಡಾದವರನ್ನು ತಂದು ಕೂರಿಸಿದ.

ಬಾಪ್ಪು ರಾಸ್ ಲಫಾನಿನ ಒಂದು ಗ್ಯಾಸ್ ಕಂಪನಿಯಲ್ಲಿ ಗುಮಾಸ್ತ. ದೋಹಾದಿಂದ ದಿನಾ ಕಂಪನಿ ಬಸ್ಸಿನಲ್ಲಿ ಹೋಗಿ ಬರುವುದು, ಹೋಗಲು ಒಂದು ಗಂಟೆಯ ಮೇಲೆ, ಬರಲು ಅಷ್ಟೇ. ಗೋರ್ಡನ್ ಅಲ್ಲಿ ಟರ್ಬೈನ್ ರಿಪೇರಿಯ ದೊಡ್ಡ ತಜ್ಞ. ಅಂಥವರು ಲ್ಯಾಂಡ್ ಕ್ರೂಸರಿನಲ್ಲಿ ಓಡಾಡುವುದು ರೂಢಿ. ಇವರ ಕಣ್ಣು ಲೈಸೆನ್ಸಿನ ಪರೀಕ್ಷೆಯಲ್ಲಿ ಫೇಲಾಯಿತು, ಹಾಗಾಗಿ ಬಸ್ಸು. ಬೆಳಗಿನ ಬಸ್ಸಿನಲ್ಲಿ ಎಲ್ಲರೂ ಬಾಯಿ ತೆರೆದು ನಿದ್ದೆ ಮಾಡುತ್ತಾರೆ. ಎಚ್ಚರ ಇದ್ದವರು ಡ್ರೈವರ್ ಮತ್ತು ಬಾಪ್ಪು. ಡ್ರೈವರನ ಊರು, ಮನೆ, ಮಾವನ ಮನೆ ಎಲ್ಲ ಎಂದೋ ಮುಗಿದಿತ್ತು.

"ಯಾವ ಕಡೆಯವರು ಸರ್?" ಎಂದು ಬಾಪ್ಪು ಇಂಗ್ಲಿಷಿನಲ್ಲಿ ಕೇಳಿದರು.

"ಕೆನಡಾ."

ನಾನು, ನೀವು ಆಗಿದ್ದರೆ ಅಲ್ಲಿಗೆ 'ಓ, ವೆರಿ ಕೋಲ್ಡ್' ಎಂದು ಮುಗಿಸುತ್ತಿದ್ದೆವು.

"ಕೆನಡಾದಲ್ಲಿ ಎಲ್ಲಿ?"

"ಸಸ್ಕಾಚೆವಾನ್ ಪ್ರಾಂತ್ಯ."

"ಅಲ್ಲಿ ಯಾವ ಹಳ್ಳಿ?"

"ಹೇಳಿದರೆ ನಿಮಗೆ ಗೊತ್ತಾಗುವುದಿಲ್ಲ. ಟಿನ್‌ಕೆಟಲ್."

"ಟಿನ್‌ಕೆಟಲಿನಲ್ಲಿ ಯಾವ ಮನೆ? ಯಾರ ಮಗ?"

ಗೋರ್ಡನ್ ಕನ್ನಡಕ ತೆಗೆದರಂತೆ. ಒರೆಸಿ ಮತ್ತೆ ಹಾಕಿಕೊಂಡು ಬಾಪ್ಪುವನ್ನು ದಿಟ್ಟಿಸಿದರಂತೆ. ಹತ್ತಾರು ದೇಶ ತಿರುಗಿದ ಮನುಷ್ಯ. ಸಂಬಳ ಎಷ್ಟು, ವೀಸಾ ಎಂಥದ್ದು, ಶಿಫ್ಟ್ ಯಾವುದು ಎಂದು ಎಲ್ಲರೂ ಕೇಳಿದ್ದರು. ಯಾರ ಮಗ ಎಂದು ಯಾರೂ ಕೇಳಿರಲಿಲ್ಲವಂತೆ. ಆ ದಿನ ತಿರುಗಿದ ನಲ್ಲಿ ಏಳು ವರ್ಷ ನಿಲ್ಲಲಿಲ್ಲ.

ಬಾಪ್ಪುವಿನ ಸಿದ್ಧಾಂತ ಸರಳ. ಭೂಮಿಯ ಮೇಲೆ ಯಾರನ್ನೇ ತೆಗೆದುಕೊಳ್ಳಿ, ಎಲ್ಲೋ ಒಂದು ಕಡೆ ಸಂಬಂಧ ಇದ್ದೇ ಇರುತ್ತದೆ. "ಬಾವಿ ತೋಡಿದ ಹಾಗೆ ಮಾರಾಯ. ನೀರು ಬರುವವರೆಗೆ ತೋಡುವುದು, ಅಷ್ಟೇ."

"ಕೆನಡಾದಲ್ಲಿ ತೋಡಿದ್ರೆ ಐಸ್ ಸಿಗ್ತದೆ," ಎನ್ನುತ್ತಿದ್ದರು ಮಾವ್ಶಿ. ಶುಕ್ರವಾರ ಶುಕ್ರವಾರ ನಾನು ಊಟಕ್ಕೆ ಹೋದಾಗ ಅವರ ಮೊದಲ ಮಾತೇ ಇದು: "ಕೇಳು ನಿನ್ನ ಬಾಪ್ಪುವಿನ ಹತ್ರ, ಸಿಕ್ಕಿದ್ರಾ ಕೆನಡಾದ ನೆಂಟರು?"

ನೆಂಟರು ಸಿಗುತ್ತಿರಲಿಲ್ಲ. ಆದರೆ ತೋಡುತ್ತಾ ತೋಡುತ್ತಾ ಊರಿಡೀ ಮೇಲೆ ಬರುತ್ತಿತ್ತು.

ಟಿನ್‌ಕೆಟಲ್‌ಗೆ ಆ ಹೆಸರು ಹೇಗೆ ಬಂತು ಗೊತ್ತೇ? ರೈಲು ಹಳಿಗೆ ಜಾಗ ಅಳೆಯಲು ಬಂದವರು ಆ ಬಯಲಿನಲ್ಲಿ ಇದ್ದ ಒಂದೇ ಒಂದು ಮರಕ್ಕೆ ತಮ್ಮ ಚಹಾದ ಕೆಟಲ್ ನೇತುಹಾಕಿ ಮರೆತು ಹೋದರು. ಮರುವರ್ಷ ಬಂದು ನೋಡಿದರೆ ಅದರೊಳಗೆ ಹಕ್ಕಿ ಗೂಡು ಕಟ್ಟಿ ಮರಿ ಮಾಡಿತ್ತು. ತೆಗೆಯಲು ಯಾರಿಗೂ ಮನಸ್ಸು ಬರಲಿಲ್ಲ. ಬೇರೆ ಗುರುತಿಲ್ಲದ ಆ ಬಯಲಿಗೆ ಕೆಟಲೇ ಗುರುತಾಯಿತು, ನಿಲ್ದಾಣಕ್ಕೆ ಅದೇ ಹೆಸರಾಯಿತು. ಊರಲ್ಲಿ ಮೊದಲು ಸಂಸಾರ ಹೂಡಿದ್ದು ಒಂದು ಹಕ್ಕಿ! ಇದನ್ನು ಹೇಳುವಾಗ ಬಾಪ್ಪು ಒಂದು ಕೈ ಸೊಂಟಕ್ಕಿಟ್ಟು ಇನ್ನೊಂದು ಕೈ ಮುಂದೆ ಚಾಚಿ ತಾವೇ ಕೆಟಲ್ ಆಗುತ್ತಿದ್ದರು. ನಾನು ಎಷ್ಟೋ ಪಾರ್ಟಿಗಳಲ್ಲಿ ಆ ಭಂಗಿಯನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಒಂದು ಸತ್ಯ ಹೇಳಲೇ? ನನ್ನ ಕೆಟಲ್‌ನಲ್ಲಿ ಹಕ್ಕಿ ಕೂರುತ್ತಿರಲಿಲ್ಲ. ಬಾಪ್ಪುವಿನದರಲ್ಲಿ ಕೂರುತ್ತಿತ್ತು.

ಮೊದಲು ಬಂದವರು ಎರಡು ಮನೆಯವರು. ಸ್ಕಾಟ್ಲೆಂಡಿನಿಂದ ಗೋರ್ಡನ್‌ರ ಅಜ್ಜ, ಉಕ್ರೇನಿನಿಂದ ಇನ್ನೊಂದು ಕುಟುಂಬ. ಮರವಿಲ್ಲ, ಕಲ್ಲಿಲ್ಲ, ಹುಲ್ಲಿನ ಬೇರು ಹಿಡಿದ ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ಅದನ್ನೇ ಪೇರಿಸಿ ಗೋಡೆ ಮಾಡಿಕೊಂಡರು. ಇವರ ಮಾತು ಅವರಿಗೆ ಬಾರದು, ಅವರದು ಇವರಿಗೆ. ಚಳಿಗಾಲದ ಸಂಜೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಒಲೆಯ ಸುತ್ತ ಸುಮ್ಮನೆ ಕೂತು ಬರುತ್ತಿದ್ದರಂತೆ. ಎಷ್ಟೋ ವರ್ಷ ಹಾಗೆ ಬಹಳ ಪ್ರೀತಿಯಿಂದ ಇದ್ದರು. ಆಮೇಲೆ ಇಬ್ಬರಿಗೂ ಇಂಗ್ಲಿಷ್ ಬಂತು, ಬೇಲಿಯ ಜಗಳ ಶುರುವಾಯಿತು.

ಬಾಪ್ಪುವಿಗೆ ಸ್ಕಾಟ್ಲೆಂಡಿನ, ಉಕ್ರೇನಿನ ಹೆಸರುಗಳು ನಾಲಿಗೆಗೆ ಕೂರುತ್ತಿರಲಿಲ್ಲ. ನಮ್ಮ ಕಡೆಯ ಕ್ರಮದಂತೆ ಮನೆಗಳಿಗೇ ಹೆಸರಿಟ್ಟರು. ಗೋರ್ಡನ್‌ರದ್ದು ದಿಣ್ಣೆಮನೆ, ಉಕ್ರೇನಿನವರದ್ದು ಬಾವಿಮನೆ. ಗೋರ್ಡನ್‌ರ ಹೆಸರಿಗೂ, ಊರಿನ ಹಿರಿಯರಿಗೆ ಸೇರಿಸುವ ಹಾಗೆ, 'ಆಬ್' ಸೇರಿಸಿ 'ಗೋರ್ಡನಾಬ್' ಮಾಡಿಕೊಂಡರು. ಒಂದು ಶುಕ್ರವಾರ ಊಟಕ್ಕೆ ಬಂದಿದ್ದ ಒಬ್ಬರು ಆಂಟಿ ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

"ದಿಣ್ಣೆಮನೆಯ ದೊಡ್ಡ ಮಗಳು ಬಾವಿಮನೆಯ ಹುಡುಗನ ಜೊತೆ ಓಡಿಹೋದದ್ದೇ ಹೋದದ್ದು, ಎರಡೂ ಮನೆಯವರು ಮಾತು ಬಿಟ್ಟರು," ಎಂದರು ಬಾಪ್ಪು.

ಆಂಟಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ದೇವಾ, ಯಾವಾಗ? ನಿನ್ನೆ ಊರಿಗೆ ಫೋನ್ ಮಾಡಿದ್ದೆ, ಅಮ್ಮ ಎಂತದೂ ಹೇಳ್ಲಿಲ್ಲ!"

"ಎಪ್ಪತ್ತು ವರ್ಷ ಆಯ್ತು. ಈಗ ಎಲ್ಲ ಸರಿ ಆಗಿದೆ," ಎಂದು ಬಾಪ್ಪು ಸಮಾಧಾನ ಮಾಡಿದರು.

ಊರಿನ ಚರಿತ್ರೆಯನ್ನು ಹೇಳಿ ಸುಮ್ಮನಿದ್ದರೆ ಹೇಗೋ ಸಹಿಸಬಹುದಿತ್ತು. ಬಾಪ್ಪು ಅದನ್ನು ಬಳಸತೊಡಗಿದರು. ಟಿನ್‌ಕೆಟಲಿನಲ್ಲಿ ಹಿಮದ ಬಿರುಗಾಳಿ ಎದ್ದರೆ ಚಾಚಿದ ಕೈ ಕಾಣುವುದಿಲ್ಲ. ಮನೆಯ ಬಾಗಿಲಿನಿಂದ ಕೊಟ್ಟಿಗೆಗೆ ಹೋದವರು ದಾರಿ ತಪ್ಪಿ, ಅಂಗಳದಲ್ಲೇ ಹೆಪ್ಪುಗಟ್ಟಿ ಸತ್ತದ್ದುಂಟು. ಅದಕ್ಕೆ ಬಾಗಿಲಿನಿಂದ ಕೊಟ್ಟಿಗೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದುಕೊಂಡು ಹೋಗಿ ಹಾಲು ಕರೆದು ಬರುತ್ತಿದ್ದರು. ಇದನ್ನು ಕೇಳಿದ ವಾರವೇ ದೋಹಾದಲ್ಲಿ ಧೂಳುಗಾಳಿ ಎದ್ದಿತು. ಬಾಪ್ಪು ಬಟ್ಟೆ ಒಣಗಿಸುವ ನೀಲಿ ನೈಲಾನ್ ಹಗ್ಗ ತೆಗೆದುಕೊಂಡು ಇಳಿದರು. ಬಿಲ್ಡಿಂಗಿನ ಗೇಟಿನಿಂದ ಗಲ್ಲಿಯ ಆಚೆಗಿನ ದಿನಸಿ ಅಂಗಡಿಯ ಶಟರಿನವರೆಗೆ ಬಿಗಿದು ಕಟ್ಟಿದರು.

"ಎಂದಾ ಚೇಟ್ಟಾ ಇದ್?" ಎಂದ ಮಲಯಾಳಿ ಅಂಗಡಿಯವನು, ಇದೇನಣ್ಣಾ ಎಂಬಂತೆ.

ಬಾಪ್ಪು ತಮಗೆ ಬರುವ ಅರ್ಧಂಬರ್ಧ ಮಲಯಾಳದಲ್ಲಿ ಇಡೀ ಬಿರುಗಾಳಿಯನ್ನು ಅವನಿಗೆ ವಿವರಿಸಿದರು, ಅಂಗಳದಲ್ಲಿ ಸತ್ತವರ ಸಮೇತ. ಅವನು ತಲೆದೂಗಿದ. ಮರುದಿನ ಗಾಳಿ ನಿಂತು ನೋಡಿದರೆ ಹಗ್ಗದ ತುಂಬ ಗಲ್ಲಿಯವರ ಲುಂಗಿ, ಬನಿಯನ್, ಅಂಗಡಿಯವನದೇ ಒಂದು ಹೊದಿಕೆ. ಮುನ್ಸಿಪಾಲಿಟಿಯವನು ಜೀಪಿನಿಂದ ಇಳಿದು ಇದು ಯಾರ ಹಗ್ಗ ಎಂದು ಗದರಿದ. ಅಂಗಡಿಯವನು ಶಾಂತವಾಗಿ ಹೇಳಿದ: "ಕೆನಡಾ."

ಇಷ್ಟು ಸಿಕ್ಕರೆ ನನ್ನಂಥವನಿಗೆ ಸಾಕಲ್ಲವೇ? ನಾನು ಅಲ್ ಮುಂತಜಾದ ಒಂದು ಹಳೆ ಕಟ್ಟಡದ ಬ್ಯಾಚುಲರ್ ರೂಮಿನಲ್ಲಿದ್ದೆ. ಗುರುವಾರ ಸಂಜೆ ರೂಮಿನಲ್ಲಿ ನನ್ನದೇ ಕಾರ್ಯಕ್ರಮ. ಮೊದಲು ನಮ್ಮ ಈಜಿಪ್ಟಿನ ಮ್ಯಾನೇಜರ್, ಆಮೇಲೆ ಅವನೆದುರು ರಜೆ ಕೇಳುವ ನಾನು. ಅದರಲ್ಲಿ ನನ್ನ ಪಾತ್ರವೇ ಹೆಚ್ಚು ಹಾಸ್ಯಾಸ್ಪದ. ಕೊನೆಗೆ ಬಾಪ್ಪು. ಒಂದು ಗುರುವಾರ ಹೊಸ ಐಟಂ ತೆಗೆದೆ: ಟಿನ್‌ಕೆಟಲ್ ಸ್ಟೇಶನ್ನಿನೆದುರು ಹೋಟೆಲ್ ಇಟ್ಟಿದ್ದ ಚೀನಾದವನ ಕಥೆ.

ಬಾಪ್ಪುವಿನ ಗಂಟಲು, ಬಾಪ್ಪುವಿನ ಕೈ, ಎಲ್ಲ ಹಾಕಿ ಹೇಳಿದೆ. ಅವನ ನಿಜವಾದ ಹೆಸರು ಹೇಳಲು ಬಾರದೆ ಊರಿನವರು ಚಾರ್ಲಿ ಎಂದು ಕರೆದರು. ಊರಿನ ಮಕ್ಕಳ ಹುಟ್ಟುಹಬ್ಬಕ್ಕೆಲ್ಲ ಕೇಕು ಮಾಡಿದವನು ಅವನೇ. ಆಗ ಅಲ್ಲಿನ ಕಾನೂನು ಚೀನಾದವರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಬಿಡುತ್ತಿರಲಿಲ್ಲ. ಅವನು ಹೊರಡುವಾಗ ತೊಟ್ಟಿಲಲ್ಲಿದ್ದ ಮಗನಿಗೆ ಅಲ್ಲಿ ಮೀಸೆ ಬಂತು, ಮದುವೆ ಆಯಿತು. ಇವನು ಇಲ್ಲಿ ಬೇರೆಯವರ ಮಕ್ಕಳಿಗೆ ಕೇಕು ಮಾಡುತ್ತಲೇ ಇದ್ದ. ಇಲ್ಲಿ ಬಾಪ್ಪುವಿನ ಮಾಮೂಲಿ ಕೊನೆಯ ಮಾತು, ನಾನು ನಗುವಿಗಾಗಿ ಕಾದಿದ್ದ ಮಾತು: "ಅವನಿಗೂ ಫ್ಯಾಮಿಲಿ ಸ್ಟೇಟಸ್ ಸಿಗಲಿಲ್ಲ ನೋಡು."

ಯಾರೂ ನಗಲಿಲ್ಲ. ರೂಮಿನಲ್ಲಿ ಇದ್ದವರೆಲ್ಲ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವರು. ಸಂಸಾರ ಕರೆಸಿಕೊಳ್ಳುವ ವೀಸಾ ಅವರ ಕೆಲಸಕ್ಕೆ ಸಿಗುವುದಿಲ್ಲ. ಮಂಗಳೂರಿನ ಹಸನಾಕ, ನಮ್ಮ ರೂಮಿನ ಹಿರಿಯರು, ಮಂಚದ ಅಂಚಿನಲ್ಲಿ ಕೂತಿದ್ದವರು ಕೇಳಿದರು: "ಮತ್ತೆ? ಬಂದ್ಲಾ ಕಡೆಗೆ ಅವನ ಹೆಂಡ್ತಿ?"

ನನಗೆ ಗೊತ್ತಿರಲಿಲ್ಲ. ನಾನು ಬಾಪ್ಪುವಿನ ಕಥೆಯನ್ನು ಯಾವತ್ತೂ ನಗುವ ಜಾಗದಿಂದ ಆಚೆಗೆ ಕೇಳಿಸಿಕೊಂಡವನೇ ಅಲ್ಲ. ಮರುದಿನ ಹೋಗಿ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ನಾನಾಗಿ ಬಾಪ್ಪುವಿನ ಹತ್ತಿರ ಟಿನ್‌ಕೆಟಲ್ ಬಗ್ಗೆ ಒಂದು ಪ್ರಶ್ನೆ ಕೇಳಿದೆ.

"ಬಂದಳು," ಎಂದರು ಬಾಪ್ಪು. "ಕಾನೂನು ಬದಲಾದ ಮೇಲೆ. ಸ್ಟೇಶನ್ನಿನಲ್ಲಿ ಇಡೀ ಊರು ನಿಂತಿತ್ತಂತೆ. ರೈಲಿನಿಂದ ಇಳಿದದ್ದು ಒಬ್ಬಳು ಮುದುಕಿ. ಅವನಿಗೆ ಗುರುತು ಸಿಗಲಿಲ್ಲ. ಅವಳಿಗೆ ಸಿಕ್ಕಿತು."

ಅದನ್ನು ತಂದು ಹಸನಾಕರಿಗೆ ಹೇಳಿದೆ, ಯಾರ ದನಿಯನ್ನೂ ಹಾಕದೆ. ಅವರು "ಸಾಕು" ಎಂದು ಎದ್ದು ಅಡುಗೆ ಕೋಣೆಗೆ ಹೋಗಿ ತುಂಬ ಹೊತ್ತು ಪಾತ್ರೆ ತೊಳೆದರು. ಅವತ್ತು ಪಾತ್ರೆ ತೊಳೆಯುವ ಪಾಳಿ ಅವರದಾಗಿರಲಿಲ್ಲ.

ಅಲ್ಲಿಂದ ನನ್ನ ಅಣಕ ಸ್ವಲ್ಪ ಕುಂಟತೊಡಗಿತು. ಎಷ್ಟು ಜನರಿದ್ದರು ಆ ಊರಿನಲ್ಲಿ? ಒಳ್ಳೆಯ ಕಾಲದಲ್ಲೂ ನಮ್ಮ ಬಿಲ್ಡಿಂಗಿನಲ್ಲಿ ಇದ್ದಷ್ಟು ಇರಲಿಲ್ಲವಂತೆ. ಅಷ್ಟು ಜನರಿಗೆ ಅಷ್ಟು ಕಥೆ! ನಮ್ಮ ಬಿಲ್ಡಿಂಗಿನಲ್ಲಿ ಎದುರು ಬಾಗಿಲಿನವನ ಹೆಸರು ನನಗೆ ಗೊತ್ತಿರಲಿಲ್ಲ. ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾವನ್ನು ಅಗೆದು ಹಾಕಿದ್ದ ಕಾಲ ಅದು. ಬಸ್ಸಿನ ಕಿಟಕಿಯ ಹೊರಗೆ ದಿನಕ್ಕೊಂದು ಕಟ್ಟಡ ಏಳುತ್ತಿತ್ತು, ಬಸ್ಸಿನೊಳಗೆ ಗೋರ್ಡನಾಬರ ಬಾಯಲ್ಲಿ ದಿನಕ್ಕೊಂದು ಮನೆ ಮುಚ್ಚುತ್ತಿತ್ತು. ಮೊದಲು ಶಾಲೆ ಹೋಯಿತು. ಆಮೇಲೆ ರೈಲು ನಿಂತಿತು, ಹಳಿ ಕಿತ್ತುಕೊಂಡು ಹೋದರು. ಗೋಧಿ ತುಂಬಿಡುತ್ತಿದ್ದ, ಮೈಲಿಗಟ್ಟಲೆ ದೂರಕ್ಕೆ ಕಾಣುತ್ತಿದ್ದ ಎತ್ತರದ ಮರದ ಕಣಜವನ್ನು ಕೆಡವಿದ ದಿನ ಊರಿನವರೆಲ್ಲ ಕುರ್ಚಿ ತಂದು ಸಾಲಾಗಿ ಕೂತು ನೋಡಿದರಂತೆ. ಬಿದ್ದ ಮೇಲೆ ಒಬ್ಬೊಬ್ಬರೂ ಒಂದೊಂದು ಹಲಗೆ ಮನೆಗೆ ಹೊತ್ತರಂತೆ. ನಮ್ಮ ಬಾಪ್ಪು ಅದನ್ನು ಹೇಳುವಾಗ ಸಾವಿನ ಮನೆಗೆ ಹೋಗಿ ಬಂದವರ ಹಾಗೆ ದನಿ ತಗ್ಗಿಸುತ್ತಿದ್ದರು. ಆ ದನಿ ನನಗೆ ಕೊನೆಗೂ ಕೈಗೆ ಹತ್ತಲಿಲ್ಲ.

ಆ ಬೇಸಿಗೆಯಲ್ಲಿ ಗೋರ್ಡನಾಬರ ಅಕ್ಕ ಟಿನ್‌ಕೆಟಲಿನಲ್ಲಿ ತೀರಿಕೊಂಡರು. ದಿಣ್ಣೆಮನೆಗೆ ಬೀಗ ಬಿತ್ತು. ಅದೇ ಹೊತ್ತಿಗೆ ಇಲ್ಲಿ ಅವರ ಕೆಲಸದ ಅವಧಿಯೂ ಮುಗಿಯುತ್ತ ಬಂದಿತ್ತು; ಸೆಪ್ಟೆಂಬರಿನಲ್ಲಿ ಹೊರಡಬೇಕು. ಹೋಗಿ ಇರುವುದು ಟಿನ್‌ಕೆಟಲಿನಲ್ಲೂ ಅಲ್ಲ, ದೂರದ ಪಟ್ಟಣದ ಒಂದು ವೃದ್ಧಾಶ್ರಮದಲ್ಲಿ. ಮದುವೆ ಆಗದ ಮನುಷ್ಯ.

ನಾನು ಹೋದಾಗ ಬಾಪ್ಪು ಚಹಾ ಮುಟ್ಟದೆ ಕೂತಿದ್ದರು.

"ಬಸ್ಸಲ್ಲಿ ಗೋರ್ಡನಾಬ್ ಹೇಳಿದ್ರು ಮಾರಾಯ," ಎಂದರು. "ತಾನು ಯಾರ ಮಗ ಅಂತ ಗೊತ್ತಿದ್ದ ಕೊನೆಯವಳು ಆ ಅಕ್ಕ ಅಂತ. ನಂಗೆ ಗೊತ್ತುಂಟಲ್ಲ ಅಂತ ಹೇಳುವಾ ಅಂತ ಬಾಯಿ ತುದಿಗೆ ಬಂತು. ಆದ್ರೆ ನಾನು ಯಾರು ಅವರಿಗೆ? ಪಕ್ಕದ ಸೀಟಿನವ."

"ಏನಾದ್ರೂ ಮಾತಾಡ್ಬೇಕಿತ್ತು ನೀವು," ಎಂದರು ಮಾವ್ಶಿ.

"ಒಂದೇ ಒಂದು ಎಳೆ ಸಿಕ್ಕಿದ್ರೆ ಸಾಕಿತ್ತು. ಹೋಗುವ ಮೊದಲು ಹೊಸತಿಗೆ ಕರೀಬಹುದಿತ್ತು. ಬರೀ ಊಟಕ್ಕಲ್ಲ. ಹೊಸತಿಗೆ."

ಇದು ಗೊತ್ತಿಲ್ಲದವರಿಗೆ ಹೇಳಬೇಕು. ಸೆಪ್ಟೆಂಬರ್ ಎಂಟು ನಮ್ಮ ಮೊಂತಿ ಫೆಸ್ತ್, ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿ ಮಾಡಿ ಹಾಲಿಗೆ ಹಾಕಿ, ಪ್ರಾರ್ಥನೆಯ ನಂತರ ಮನೆಯ ಹಿರಿಯರಿಂದ ಹಿಡಿದು ಕಿರಿಯರವರೆಗೆ ಒಂದೊಂದು ಚಮಚ. ಅದೇ ಹೊಸತು. ಆಮೇಲಿನ ಎಲೆ ಊಟಕ್ಕೆ ಯಾರನ್ನು ಬೇಕಾದರೂ ಕರೆಯಬಹುದು. ಈ ಚಮಚ ಮಾತ್ರ ಮನೆಯವರಿಗೆ, ರಕ್ತಸಂಬಂಧಕ್ಕೆ. ಪರದೇಶದಲ್ಲಿರುವವರಿಗೂ ಊರಿನಿಂದ ತೆನೆ ಬರುತ್ತದೆ. ಬಾಪ್ಪು ಉಳಿದ ವಿಷಯಗಳಲ್ಲಿ ಹೇಗೋ, ಇದರಲ್ಲಿ ಭಾರೀ ಕಟ್ಟುನಿಟ್ಟು.

ಹುಡುಕಾಟಕ್ಕೆ ಜ್ವರ ಏರಿತು. ಗೋರ್ಡನಾಬರ ತಾಯಿ ಕ್ಯಾಥೊಲಿಕ್ ಎಂದು ತಿಳಿದ ದಿನ ಬಾಪ್ಪು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದರು. ಬಾವಿಮನೆಯ ಒಬ್ಬ ಹುಡುಗ ಪಾದ್ರಿಯಾಗಿ ಭಾರತಕ್ಕೆ ಹೋಗಿದ್ದನಂತೆ ಎಂಬ ಸುಳಿವು ಸಿಕ್ಕಿತು. ಬಾಪ್ಪು ಊರಿನ ಮುದುಕರಿಗೆಲ್ಲ ಫೋನ್ ಮಾಡಿ, ನಿಮ್ಮ ಕಾಲದಲ್ಲಿ ಒಬ್ಬ ಉದ್ದದ ಬಿಳಿ ಪಾದ್ರಿ ಬಂದಿದ್ದರಾ ಎಂದು ವಿಚಾರಿಸಿದರು. ಎಲ್ಲರ ಕಾಲದಲ್ಲೂ ಬಂದಿದ್ದರು. ಯಾರೂ ಟಿನ್‌ಕೆಟಲಿನವರಲ್ಲ.

ಇಂಥ ಸಮಯದಲ್ಲಿ ನನಗೆ ಆ ಬುದ್ಧಿ ಹೊಳೆಯಿತು. ಮುಕ್ಕಾಲು ಕೀಟಲೆ, ಕಾಲು ಕನಿಕರ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿ, ಬಾಪ್ಪುವಿನ ಮನೆಯ ಲ್ಯಾಂಡ್‌ಲೈನಿಗೆ ಹಚ್ಚಿದೆ. ಗೋರ್ಡನಾಬರು ಮಾತಿಗೆ ಮೊದಲು ಗಂಟಲು ಕೆರೆಯುತ್ತಾರೆ, 'ವೆಲ್' ಎಂಬುದನ್ನು ಎಳೆದು ಎಳೆದು ಹೇಳುತ್ತಾರೆ. ಎರಡೂ ಹಾಕಿದೆ.

"ವೆ...ಲ್. ಒಂದು ವಿಷಯ ಈಗ ಗೊತ್ತಾಯಿತು," ಎಂದೆ ಇಂಗ್ಲಿಷಿನಲ್ಲಿ. "ನನ್ನ ಅಜ್ಜನ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದನಂತೆ. ಮಂಗಳೂರಿಗೆ ಬಂದು ನಿಮ್ಮ ಕಡೆಯ ಹುಡುಗಿಯನ್ನೇ ಮದುವೆ ಆದನಂತೆ."

ಬಾಪ್ಪು ಬಹಳ ಮೆಲ್ಲಗೆ ಕೇಳಿದರು: "ಯಾವ ತಮ್ಮ ಸರ್? ಕಿವಿ ಹರಿದವನಾ, ಪಿಟೀಲು ಬಾರಿಸುವವನಾ?"

ಇಬ್ಬರಿದ್ದರು ಎಂದು ನನಗೇನು ಗೊತ್ತು?

"ಕಿವಿ ಹರಿದವನು," ಎಂದೆ.

ಉತ್ತರ ಕೊಂಕಣಿಯಲ್ಲಿ ಬಂತು: "ಕಿವಿಯವ ಶಾಲೆಗೆ ಹೋಗುವ ಪ್ರಾಯದಲ್ಲೇ ಕೆರೆಯ ಐಸ್ ಒಡೆದು ಸತ್ತ ಮಗಾ. ನಿನ್ನ ಊಟ ಆಯ್ತಾ?"

ಫೋನ್ ಇಡುವ ಮೊದಲು ಬಾಪ್ಪು ಇನ್ನೊಂದು ಮಾತು ಹೇಳಿದರು. "ಪಿಟೀಲಿನವ ಅಂತ ಹೇಳಿದ್ರೆ ನಂಬ್ತಿದ್ದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎರಡರಲ್ಲಿ ಒಂದು ಆರಿಸಬೇಕಿತ್ತು, ಅದನ್ನೂ ತಪ್ಪು ಆರಿಸಿದೆ. ಜೀವನದಲ್ಲಿ ಒಂದೇ ಒಂದು ಸಲ ನನ್ನ ಮಿಮಿಕ್ರಿ ಯಾರಿಗಾದರೂ ಉಪಕಾರ ಮಾಡಬಹುದಿತ್ತು.

ಆ ವರ್ಷ ಹಬ್ಬ ಶುಕ್ರವಾರವೇ ಬಂತು. ಮಾವ್ಶಿಯ ಅಣ್ಣ, ನಮಗೆಲ್ಲ ಮಾಮ್, ಆಗಷ್ಟೇ ರಜೆ ಮುಗಿಸಿ ಊರಿನಿಂದ ಬಂದಿದ್ದರು. ಆಶೀರ್ವಾದದ ತೆನೆ ಹಬ್ಬದ ಮೊದಲು ಸಿಗುವುದಿಲ್ಲವೆಂದು ಪಾದ್ರಿಗಳನ್ನು ಕಾಡಿ ಬೇಡಿ, ಹಿಂದಿನ ವಾರವೇ ನಾಲ್ಕು ತೆನೆ ಮಂತ್ರಿಸಿಕೊಂಡು, ಕರ್ಚೀಫಿನಲ್ಲಿ ಸುತ್ತಿ ಎದೆಯ ಜೇಬಿನಲ್ಲಿ ತಂದವರು. ನಿಯಮದ ವಿಷಯದಲ್ಲಿ ಬಾಪ್ಪುವೇ ಇವರ ಮುಂದೆ ಸಡಿಲ. ಎಳೆ ಸಿಗದ ಕಾರಣ ಬಾಪ್ಪು ಗೋರ್ಡನಾಬರನ್ನು ಒಂದು ಗಂಟೆಗೆ ಬರೀ ಊಟಕ್ಕೆ ಕರೆದಿದ್ದರು. ಅಷ್ಟರಲ್ಲಿ ನಾವು ಹೊಸತು ಮುಗಿಸಿರುತ್ತೇವೆ, ಯಾರಿಗೂ ಮುಜುಗರವಿಲ್ಲ, ಎಂದು ಲೆಕ್ಕ. ಎರಡು ದಿನ ಬಿಟ್ಟು ಅವರ ವಿಮಾನ.

ಬಾಪ್ಪು ಏಳು ವರ್ಷ ಟಿನ್‌ಕೆಟಲ್ ಕೇಳಿದವರು, ಒಂದನ್ನು ಮರೆತಿದ್ದರು. ಆ ಊರಿನವರು ಊಟಕ್ಕೆ ಕರೆದರೆ ಬೇಗ ಬರುತ್ತಾರೆ, ಕೊಯ್ಲಿನ ಕಾಲದಲ್ಲಿ ಏನಾದರೂ ಕೈಕೆಲಸ ಇದ್ದರೆ ಮಾಡಿಕೊಡೋಣ ಎಂದು.

ಹನ್ನೆರಡಕ್ಕೇ ಬೆಲ್ ಆಯಿತು. ಗೋರ್ಡನಾಬ್, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಖರ್ಜೂರದ ಡಬ್ಬಿ. ಮೇಜಿನ ಮೇಲೆ ಮೇಣದ ಬತ್ತಿ ಉರಿಯುತ್ತಿತ್ತು, ಮಾತೆ ಮೇರಿಯ ಪ್ರತಿಮೆಯ ಮುಂದೆ ಹೂವು, ಬೋಗುಣಿಯಲ್ಲಿ ಹಾಲು, ಹತ್ತಿರದಲ್ಲಿ ತೆನೆ. ಮೂರನ್ನು ಸುಲಿದು ಪುಡಿ ಮಾಡಿ ಹಾಲಿಗೆ ಹಾಕಿ ಆಗಿತ್ತು, ಒಂದು ಉಳಿದಿತ್ತು. ಪ್ರಾರ್ಥನೆ ಇನ್ನೇನು ಶುರುವಾಗಬೇಕು.

ಗೋರ್ಡನಾಬ್ ಆ ತೆನೆಯನ್ನು ನೋಡಿದರು. ಅವರ ಮುಖವೇ ಬೇರೆಯಾಯಿತು. ಯಾರನ್ನೂ ಕೇಳದೆ ಅದನ್ನೆತ್ತಿಕೊಂಡು ಅಂಗೈಯಲ್ಲಿಟ್ಟು ಇನ್ನೊಂದು ಅಂಗೈಯಿಂದ ಉಜ್ಜಿದರು, ಹೊಟ್ಟನ್ನು ಮೆಲ್ಲಗೆ ಊದಿದರು, ಕಣ್ಣಿನ ಹತ್ತಿರ ತಂದು ನೋಡಿದರು. ನಾವು ಬೇಡ ಎನ್ನುವಷ್ಟರಲ್ಲಿ ಒಂದು ಕಾಳನ್ನು ಬಾಯಿಗೆ ಹಾಕಿ ಹಲ್ಲಿನ ನಡುವೆ ಕಟಕ್ ಎನಿಸಿದರು.

"ಚೆನ್ನಾಗಿ ಒಣಗಿದೆ," ಎಂದರು. "ಇನ್ನು ಕಣಜಕ್ಕೆ ಹಾಕಬಹುದು. ಅಪ್ಪ ಹೀಗೇ ನೋಡುತ್ತಿದ್ದರು."

ಮಾಮ್ ಕುರ್ಚಿಯಿಂದ ಎದ್ದೇಬಿಟ್ಟರು. ಪ್ರಾರ್ಥನೆ ಆಗಿಲ್ಲ, ಮನೆಯ ಯಜಮಾನ ಇನ್ನೂ ಮುಟ್ಟಿಲ್ಲ, ಸಮುದ್ರ ದಾಟಿಸಿ ತಂದ ಹೊಸತನ್ನು ಮೊಟ್ಟಮೊದಲು ತಿಂದದ್ದು ಯಾರೋ ಒಬ್ಬರು! ಅತಿಥಿಗೆ ಅರ್ಥವಾಗದಿರಲೆಂದು ಅವರು ಕೊಂಕಣಿಯಲ್ಲೇ, ಆದರೆ ಸಿಟ್ಟು ಎಲ್ಲ ಭಾಷೆಯಲ್ಲೂ ಅರ್ಥವಾಗುವ ಹಾಗೆ, ಬಾಪ್ಪುವಿನ ಕಡೆ ತಿರುಗಿದರು.

"ಭಾವ, ಇದು ಮನೆಯವರಿಗೆ ಮಾತ್ರ ಅಂತ ನಿಮಗೆ ನಾನು ಹೇಳ್ಬೇಕಾ? ಇವರು ನಿಮಗೆ ಎಂತ ಆಗ್ಬೇಕು?"

ಆಯುಷ್ಯವಿಡೀ ಬೇರೆಯವರಿಗೆ ಕೇಳಿದ ಆ ಪ್ರಶ್ನೆ ಈಗ ನನ್ನ ಬಾಪ್ಪುವಿಗೇ ಬಂದಿತ್ತು. ದಿಣ್ಣೆಮನೆ, ಬಾವಿಮನೆ, ಕಿವಿ ಹರಿದವನು, ಪಿಟೀಲಿನವನು, ಏಳು ವರ್ಷದ ಬಸ್ಸು, ಎಲ್ಲ ಅವರ ಮುಖದಲ್ಲಿ ಬಂದು ಹೋಯಿತು. ಗೋರ್ಡನಾಬ್ ತಪ್ಪು ಮಾಡಿದೆನೆಂದು ತಿಳಿದು, ಉಳಿದ ಕಾಳುಗಳನ್ನು ಒಂದೊಂದಾಗಿ ತಟ್ಟೆಗೆ ಹಿಂದಕ್ಕೆ ಇಡತೊಡಗಿದರು.

ಮಾವ್ಶಿ ಬೋಗುಣಿಯ ಹಾಲಿಗೆ ಚಮಚ ಅದ್ದಿದರು. ಏಳು ವರ್ಷ ಈ ಹುಡುಕಾಟವನ್ನು ನೋಡಿ ನಕ್ಕ ಮಾವ್ಶಿ, ಗೋರ್ಡನಾಬರ ಅಂಗೈ ಹಿಡಿದು ಬಿಡಿಸಿ, ಅದರಲ್ಲಿ ಹೊಸತು ಹಾಕುತ್ತಾ, ತಲೆ ಎತ್ತದೆ ಅಣ್ಣನಿಗೆ ಹೇಳಿದರು:

"ಎಂತ ಆಗ್ಬೇಕು ಅಂತ ನಿನ್ನ ಭಾವ ಏಳು ವರ್ಷದಿಂದ ಹುಡುಕ್ತಾ ಇದ್ದಾರೆ ಅಣ್ಣಾ. ಯಾರೂ ಅಲ್ಲದವರನ್ನು ಯಾರಾದ್ರೂ ಅಷ್ಟು ಹುಡುಕ್ತಾರಾ?"